ಗುರುವಾರದ ಪಾಳಿ

ನಮ್ಮ ಬೀದಿಯಲ್ಲಿ ಮಕ್ಕಳನ್ನು ಶಾಲೆಯಿಂದ ಮನೆಗೆ ಕರೆತರುವುದಕ್ಕೆ ಪಾಳಿ ಇತ್ತು. ಐದು ಮನೆ, ಐದು ದಿನ, ಐದು ಕಾರು. ಸೋಮವಾರ ಡಾರ್ಲೀನ್ ಸ್ಟಿಕ್ನಿ, ಮಂಗಳವಾರ ನಾನು, ಗುರುವಾರ ಎದುರು ಮನೆಯ ಮಾರ್ಲಿಸ್ ಓಕರ್ಮನ್. ಬುಧವಾರ, ಶುಕ್ರವಾರದವರ ಹೆಸರು ಈ ಕಥೆಗೆ ಬೇಡ, ಅವರು ಯಾವ ತಪ್ಪನ್ನೂ ಮಾಡಲಿಲ್ಲ. ಪಾಳಿಯ ಚೀಟಿಯನ್ನು ಡಾರ್ಲೀನ್ ಚರ್ಚಿನ ಕಚೇರಿಯಲ್ಲಿ ಟೈಪು ಮಾಡಿ, ನೇರಳೆ ಶಾಯಿಯಲ್ಲಿ ಪ್ರತಿ ತೆಗೆದು ಎಲ್ಲರ ಮನೆಯ ಫ್ರಿಜ್ಜಿನ ಮೇಲೆ ತಾನೇ ಬಂದು ಅಂಟಿಸಿ ಹೋಗುತ್ತಿದ್ದಳು. ಅವಳು ಸೈನ್ಯಕ್ಕೆ ಸೇರಬೇಕಾಗಿದ್ದ ಹೆಂಗಸು. ದಾರಿ ತಪ್ಪಿ ನಮ್ಮೂರು ಲೇಕ್‌ವುಡ್ಡಿಗೆ ಬಂದು ಮೂರು ಮಕ್ಕಳನ್ನು ಹೆತ್ತಿದ್ದಳು.

ಪಾಳಿ ಅದಲುಬದಲು ಮಾಡಿಕೊಳ್ಳುವುದಕ್ಕೂ ಒಂದು ಕಟ್ಟಳೆ ಇತ್ತು. ಬೇರೆಯವರ ದಿನವನ್ನು ಯಾರು ವಹಿಸಿಕೊಳ್ಳುತ್ತಾರೋ ಅವರೇ ಮಧ್ಯಾಹ್ನ ಹನ್ನೆರಡರೊಳಗೆ ಡಾರ್ಲೀನ್‌ಗೆ ಫೋನ್ ಮಾಡಬೇಕು. ಕೇಳಿದವಳು ಮಾಡುವ ಹಾಗಿಲ್ಲ, ಒಪ್ಪಿದವಳೇ ಮಾಡಬೇಕು. ಹಿಂದೊಮ್ಮೆ ಇಬ್ಬರು ತಾಯಂದಿರು ಒಬ್ಬರ ಮೇಲೊಬ್ಬರು ಭರವಸೆ ಇಟ್ಟು ಮಕ್ಕಳು ಬಿಸಿಲಲ್ಲಿ ಬೆಂದುಹೋಗಿದ್ದರಿಂದ ಈ ಕಾನೂನು ಬಂದಿತ್ತು. ಫೋನ್ ಬರದಿದ್ದರೆ ಚೀಟಿಯಲ್ಲಿದ್ದದ್ದೇ ಸರಿ, ಚೀಟಿಯಲ್ಲಿ ಹೆಸರಿದ್ದವರದ್ದೇ ತಪ್ಪು. ಇಷ್ಟು ನಿಮಗೆ ತಿಳಿದಿದ್ದರೆ ಸಾಕು, ನಾನು ಮಾಡಿದ್ದೇನು ಎನ್ನುವುದು ತಾನಾಗಿ ಅರ್ಥವಾಗುತ್ತದೆ.

ಇದು ಎಂಬತ್ತೆರಡನೇ ಇಸವಿಯ ಮಾತು. ನಮ್ಮೆಲ್ಲರ ಗಂಡಂದಿರೂ ವಿಮಾನದ ಕಾರ್ಖಾನೆಗೆ ಹೋಗುತ್ತಿದ್ದರು. ಮಾರ್ಲಿಸ್‌ಳ ಗಂಡ ಗಿಲ್ ಅಲ್ಲಿ ತಪಾಸಣೆಯವನು. ರೆಕ್ಕೆಗೆ ಹೊಡೆದ ರಿವೆಟ್ಟುಗಳನ್ನು ಒಂದೊಂದಾಗಿ ನೋಡುವುದು ಅವನ ಕೆಲಸ, ಒಂದು ಸಡಿಲವಾಗಿದ್ದರೂ ಇಡೀ ರೆಕ್ಕೆ ವಾಪಸ್ಸು. ಕುಡುಕನಲ್ಲ, ಕೈ ಎತ್ತುವವನಲ್ಲ, ಭಾನುವಾರ ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿದು ಓಡಾಡುವವನು. ಇಂಥ ಗಂಡನ ಮೇಲೆ ಯಾವ ಬಾಯಿಂದ ದೂರು ಹೇಳುವುದು? ಮಾರ್ಲಿಸ್ ಹೇಳುತ್ತಲೂ ಇರಲಿಲ್ಲ. ಆದರೆ ದಿನಸಿ ತಂದ ಮೇಲೆ ಅವಳು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಸ್ಟೀರಿಂಗ್ ಹಿಡಿದು ಅರ್ಧ ಗಂಟೆ ಸುಮ್ಮನೆ ಕೂತಿರುತ್ತಿದ್ದುದನ್ನು ನಾನು ನನ್ನ ಅಡಿಗೆಮನೆಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಹಿಂದಿನ ಸೀಟಿನಲ್ಲಿ ಐಸ್‌ಕ್ರೀಂ ಕರಗುತ್ತಿರುತ್ತಿತ್ತು.

ಒಂದು ದಿನ ಕೇಳಿಯೇ ಬಿಟ್ಟೆ.

"ಏನೇ ಅದು, ಕಾರಲ್ಲಿ ಕೂತು ಜಪ ಮಾಡ್ತೀಯಾ?"

"ಒಳಗೆ ಕಾಲಿಟ್ರೆ ಮತ್ತೆ ಶುರುವಾಗುತ್ತಲ್ಲ ವಾಂಡಾ," ಎಂದಳು.

"ಏನು ಶುರುವಾಗುತ್ತೆ?"

"ಅದೇ."

ನಾನು ಮುಂದೆ ಕೇಳಲಿಲ್ಲ. ನನ್ನ ಮನೆಯಲ್ಲೂ ಅದೇ ಇತ್ತಲ್ಲ. ನಮ್ಮಿಬ್ಬರ ಔಷಧಿ ಎಂದರೆ ಬೆಳಗಿನ ಹತ್ತು ಗಂಟೆಯ ಕಾಫಿ. ಮಕ್ಕಳು ಶಾಲೆಗೆ, ಗಂಡಂದಿರು ಕಾರ್ಖಾನೆಗೆ ಹೋದ ಮೇಲೆ ಅವಳು ರಸ್ತೆ ದಾಟಿ ನನ್ನ ಅಡಿಗೆಮನೆಗೆ ಬರುತ್ತಿದ್ದಳು. ಏಳು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಯಾರ ಮನೆಯ ಪರದೆ ಎಷ್ಟು ಕೊಳೆಯಾಗಿದೆ, ಡಾರ್ಲೀನ್ ಈ ವಾರ ಯಾರಿಗೆ ಛೀಮಾರಿ ಹಾಕಿದಳು ಎಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆ ಒಂದು ಗಂಟೆಗಾಗಿಯೇ ನಾನು ಬೆಳಿಗ್ಗೆ ಎದ್ದು ಕೂದಲು ಬಾಚಿಕೊಳ್ಳುತ್ತಿದ್ದೆ ಎಂದರೆ ಸುಳ್ಳಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಮಾರ್ಲಿಸ್ ಗಿಲ್‌ನ ಅಂಗಿಗಳನ್ನು ಒಗೆಯಲು ಕೊಡುವುದಕ್ಕೆ ಲಾಂಡ್ರಿಗೆ ಹೋದಳು. ಪಕ್ಕದ ಮಳಿಗೆ ಮೊದಲು ರತ್ನಗಂಬಳಿ ಮಾರುವ ಅಂಗಡಿಯಾಗಿತ್ತು, ಈಗ ಅಲ್ಲಿ ಗಾಜಿನ ಹಿಂದೆ ಇಪ್ಪತ್ತು ಹೆಂಗಸರು ಡ್ರಮ್ಮಿನ ಸದ್ದಿಗೆ ನೆಗೆಯುತ್ತಿದ್ದರು. ಅವಳು ಕೈಯಲ್ಲಿ ಏಳು ಅಂಗಿ ಹಿಡಿದುಕೊಂಡು ನಲವತ್ತು ನಿಮಿಷ ಅಲ್ಲೇ ನಿಂತಳಂತೆ. ಲಾಂಡ್ರಿಗೆ ಹೋಗಲಿಲ್ಲ, ಅಂಗಿ ವಾಪಸು ತಂದಳು. ಮಾರನೆಯ ದಿನ ಹತ್ತು ಗಂಟೆಗೆ ನಾನು ಎರಡು ಕಪ್ಪು ಇಟ್ಟು ಕಾದೆ. ಅವಳು ಬಂದದ್ದು ಹನ್ನೊಂದೂಕಾಲಿಗೆ. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಕೂದಲು ಹಣೆಗೆ ಅಂಟಿತ್ತು, ಮೊಣಕಾಲು ತರಚಿತ್ತು.

"ಯಾರು ಹೊಡೆದ್ರು?" ಎಂದೆ.

"ಬಿದ್ದೆ! ಎಲ್ರೂ ಬಲಕ್ಕೆ ಹೋದ್ರು, ನಾನು ಎಡಕ್ಕೆ ಹೋದೆ, ಪಕ್ಕದವಳನ್ನೂ ಕೆಡವಿ ಬಿದ್ದೆ!" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಹೇಳಿದಳು, "ವಾಂಡಾ, ಒಂದು ಗಂಟೆ ಹೊತ್ತು ನಂಗೆ ಏನೂ ನೆನಪಾಗ್ಲಿಲ್ಲ ಕಣೆ. ರಾತ್ರಿ ಊಟಕ್ಕೆ ಏನು ಮಾಡ್ಲಿ ಅನ್ನೋದೂ."

ಏರೋಬಿಕ್ಸ್ ಅವಳನ್ನು ಹಿಡಿದುಕೊಂಡದ್ದು ಹಾಗೆ. ಕ್ಯಾಂಡಿಸ್ ಎಂಬ ಇಪ್ಪತ್ತನಾಲ್ಕರ ಹುಡುಗಿ ಆ ಸ್ಟುಡಿಯೋದ ಒಡತಿ. ತರಗತಿ ಇದ್ದದ್ದು ಸರಿಯಾಗಿ ಹತ್ತು ಗಂಟೆಗೆ. ಹತ್ತರ ಕಾಫಿ ಹೋಯಿತು. ಬೇರೆ ಹೊತ್ತಿಗೆ ಬರುತ್ತೇನೆ ಎಂದಳು, ಮೊದಲೆರಡು ವಾರ ಬಂದಳು ಕೂಡ.

ಗಿಲ್‌ಗೆ ವಿಷಯ ತಿಳಿದಾಗ ಅವನು ಬೈಯಲಿಲ್ಲ. ನಮ್ಮ ಹಿತ್ತಲಲ್ಲಿ ಮಾಂಸ ಸುಡುತ್ತಾ ನಾವು ನಾಲ್ವರೂ ಕೂತಿದ್ದಾಗಲೇ ಆ ಮಾತು ಬಂತು, ನಾನು ಕಿವಿಯಾರೆ ಕೇಳಿದೆ.

"ಹೋಗು. ನಾನೇನು ಬೇಡ ಅಂದ್ನಾ?" ಎಂದ ಗಿಲ್. "ಆದ್ರೆ ಮನೆಗೆ ಅದು ಗೊತ್ತಾಗ್ಬಾರ್ದು."

"ಮನೆಗೆ ಅಂದ್ರೆ?" ಎಂದಳು ಮಾರ್ಲಿಸ್.

"ಅಂದ್ರೆ ಐದೂವರೆಗೆ ಊಟ ಮೇಜಿನ ಮೇಲಿರ್ಬೇಕು. ಅಂಗಿ ಇಸ್ತ್ರಿ ಆಗಿರ್ಬೇಕು. ಕರ್ಸ್ಟನ್ ಶಾಲೆ ಗೇಟಲ್ಲಿ ಕಾಯ್ಬಾರ್ದು. ಒಂದು ಸಲ ತಪ್ಪಿದ್ರೆ ಅಲ್ಲಿಗೆ ಮುಗೀತು. ಸರೀನಾ?"

ಅವನು ಅದನ್ನು ನಗುತ್ತಲೇ ಹೇಳಿದ, ಅವಳು ನಗುತ್ತಲೇ ತಲೆಯಾಡಿಸಿದಳು. ಕರ್ಸ್ಟನ್ ಅವರ ಒಂಬತ್ತು ವರ್ಷದ ಮಗಳು. ನನ್ನ ಗಂಡ ಮಾಂಸ ತಿರುವುತ್ತಾ, "ನೋಡು, ಎಷ್ಟು ನ್ಯಾಯವಾಗಿ ಹೇಳ್ದ," ಎಂದು ನನ್ನ ಕಡೆ ನೋಡಿದ. ನನಗೂ ಆಗ ನ್ಯಾಯವೆಂದೇ ಕಂಡಿತು. ಅಂದಿನಿಂದ ಮಾರ್ಲಿಸ್ ಬೆಳಿಗ್ಗೆ ಐದಕ್ಕೇ ಎದ್ದು ಇಸ್ತ್ರಿ ಮಾಡತೊಡಗಿದಳು. ಐದು ತಿಂಗಳು ಒಂದೇ ಒಂದು ರಿವೆಟ್ಟೂ ಸಡಿಲವಾಗಲಿಲ್ಲ.

ನನ್ನನ್ನೂ ಒಂದು ದಿನ ಎಳೆದುಕೊಂಡು ಹೋದಳು. ಹೋಗಬಾರದಿತ್ತು. ಗೋಡೆಯುದ್ದಕ್ಕೂ ಕನ್ನಡಿ. ಅದರಲ್ಲಿ ನನ್ನನ್ನು ನಾನು ಅಷ್ಟು ಉದ್ದಗಲಕ್ಕೆ ನೋಡಿಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು. ಕ್ಯಾಂಡಿಸ್, "ಬನ್ನಿ ರಾಣೀರಾ, ಇನ್ನೂ ಎಂಟು! ಸೊಂಟ ಇರೋದು ಬರೀ ಮಗು ಎತ್ಕೊಳ್ಳೋಕಲ್ಲ!" ಎಂದು ಕೂಗುತ್ತಿದ್ದಳು. ಮಾರ್ಲಿಸ್ ಮುಂದಿನ ಸಾಲಿನಲ್ಲಿದ್ದಳು. ಅವಳು ಕುಣಿಯುತ್ತಿದ್ದುದನ್ನು ನಾನು ನೋಡಿದೆ. ನನ್ನ ಅಡಿಗೆಮನೆಯಲ್ಲಿ ಭುಜ ಮುದುಡಿಕೊಂಡು ಕೂರುತ್ತಿದ್ದ ಹೆಂಗಸು ಅವಳಲ್ಲವೇ ಅಲ್ಲ. ಹನ್ನೆರಡನೇ ನಿಮಿಷಕ್ಕೆ ನನಗೆ ಉಸಿರು ಕಟ್ಟಿತು, ಹೊರಗೆ ಬಂದು ಕಾರಿನ ಬಾನೆಟ್ಟಿಗೆ ಒರಗಿ ನಿಂತೆ. ತರಗತಿ ಮುಗಿಸಿ ಬಂದ ಮಾರ್ಲಿಸ್ ನನ್ನ ಬೆನ್ನು ಸವರಿದಳು.

"ಇರ್ಲಿ ಬಿಡು ವಾಂಡಾ. ಎಲ್ರಿಗೂ ಆಗೋದಲ್ಲ ಇದು."

ಅವಳು ಅದನ್ನು ಕರುಣೆಯಿಂದಲೇ ಹೇಳಿದ್ದು. ಕೊಂಕಿನಿಂದ ಹೇಳಿದ್ದರೆ ನಾನೂ ಒಂದು ಕೊಟ್ಟು ಮರೆತುಬಿಡುತ್ತಿದ್ದೆ. ಕರುಣೆಗೆ ಏನು ಕೊಡುವುದು? ಮನೆಗೆ ಬಂದು ಅರ್ಧ ಕೇಕು ತಿಂದೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಜುಲೈನಲ್ಲಿ ಬೇಸಿಗೆ ರಜೆ, ಸೆಪ್ಟೆಂಬರಿಗೆ ಶಾಲೆ ಮತ್ತೆ ತೆರೆಯಿತು. ಸ್ಟುಡಿಯೋದಲ್ಲಿ ಕ್ಯಾಂಡಿಸ್‌ಗೆ ನೆರವಾಗುತ್ತಿದ್ದ ಇನ್ನೊಬ್ಬ ಶಿಕ್ಷಕಿ ಊರು ಬಿಟ್ಟಳು. ಒಂದು ಮಂಗಳವಾರ ಮಧ್ಯಾಹ್ನ ನಾನು ಗ್ಯಾರೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದೆ, ಮಾರ್ಲಿಸ್ ರಸ್ತೆ ದಾಟಿ ಓಡಿಬಂದಳು.

"ವಾಂಡಾ, ಕ್ಯಾಂಡಿಸ್ ನನ್ನ ಕೇಳ್ತಿದ್ದಾಳೆ! ಪಾಠ ಹೇಳೋಕೆ! ಗುರುವಾರ ಎರಡು ಗಂಟೆಗೆ ನಾನೇ ಒಂದು ತರಗತಿ ನಡೆಸಿ ತೋರಿಸ್ಬೇಕಂತೆ. ಚೆನ್ನಾಗಾದ್ರೆ ವಾರಕ್ಕೆ ಮೂರು ತರಗತಿ ನಂದೇ."

"ಹೂಂ," ಎಂದೆ, ಕೈಯ ಕೆಲಸ ಬಿಡದೆ.

"ಗುರುವಾರ ನನ್ನ ಪಾಳಿ. ನೀನು ತಗೊಳ್ತೀಯಾ? ಡಾರ್ಲೀನ್‌ಗೆ ನೀನೇ ಫೋನ್ ಮಾಡ್ಬೇಕು, ಗೊತ್ತಲ್ಲ? ನಿನ್ನ ಕಾಲಿಗೆ ಬೀಳ್ತೀನಿ."

"ಗೊತ್ತು ಮಾರಾಯ್ತಿ. ಮಾಡ್ತೀನಿ ಹೋಗು."

ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದಳು. ಅಲ್ಲಿ ನಾವಿಬ್ಬರೇ ಇದ್ದದ್ದು.

ಗುರುವಾರ ಬೆಳಿಗ್ಗೆ ನನ್ನ ಮಗಳು ಪೆಗ್ಗಿಗೆ ಕಿವಿನೋವು ಬಂದು ಶಾಲೆಗೆ ಕಳಿಸಲಿಲ್ಲ. ಫೋನಿನ ಮುಂದೆ ಎರಡು ಸಲ ನಿಂತೆ. ಹನ್ನೊಂದಕ್ಕೊಮ್ಮೆ, ಹನ್ನೆರಡಕ್ಕೆ ಐದು ನಿಮಿಷವಿರುವಾಗ ಇನ್ನೊಮ್ಮೆ. ಎರಡನೆಯ ಸಲ ಫೋನು ಕೈಗೂ ತೆಗೆದುಕೊಂಡೆ. ವಾರಕ್ಕೆ ಮೂರು ತರಗತಿ. ಇನ್ನು ಅವಳು ಕಾಫಿಗೆ ಎಂದೂ ಬರುವುದಿಲ್ಲ, ಅದು ನನಗೆ ಕೈಯಲ್ಲಿದ್ದ ಫೋನಿನಷ್ಟೇ ಸ್ಪಷ್ಟವಾಗಿ ಕಂಡಿತು. ಫೋನು ಇಟ್ಟೆ. ಮಗುವಿಗೆ ಕಿವಿನೋವು, ನಾನು ಹೇಗೆ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ನಲವತ್ತಕ್ಕೆ ಶಾಲೆ ಬಿಡುತ್ತದೆ. ಟಿವಿಯಲ್ಲಿ ನನ್ನ ಧಾರಾವಾಹಿ ನಡೆಯುತ್ತಿತ್ತು, ಮೇಲಿನ ಗಡಿಯಾರದಲ್ಲಿ ಎರಡು ನಲವತ್ತಾಯಿತು. ಮಕ್ಕಳು ಹತ್ತು ನಿಮಿಷ ಕಾಯಲಿ, ಕರ್ಸ್ಟನ್ ಮನೆಗೆ ಹೋಗಿ ಅಪ್ಪನಿಗೆ ಹೇಳಲಿ, ಒಂದು ಸಲ ತಪ್ಪಲಿ ಎಂದುಕೊಂಡೆ. ಆಮೇಲೆ ಹೋಗಿ ಕರೆತಂದರಾಯಿತು. ಅಷ್ಟೇ ಇದ್ದದ್ದು ನನ್ನ ಮನಸ್ಸಿನಲ್ಲಿ. ಹತ್ತು ನಿಮಿಷ ಇಪ್ಪತ್ತಾಯಿತು, ನಾನು ಸೋಫಾದಿಂದ ಏಳಲಿಲ್ಲ.

ಮೂರು ಹತ್ತಕ್ಕೆ ಫೋನ್ ಬಡಿದುಕೊಂಡಿತು. ಡಾರ್ಲೀನ್.

"ವಾಂಡಾ, ಮಕ್ಳಿನ್ನೂ ಬಂದಿಲ್ಲ. ಇವತ್ತು ಮಾರ್ಲಿಸ್‌ದಲ್ವಾ ಪಾಳಿ?"

ಅಯ್ಯೋ, ನಂದು ಕಣೆ, ಈಗಲೇ ಹೊರಟೆ ಎಂದಿದ್ದರೆ ಆಗಲೂ ಎಲ್ಲ ಸರಿಹೋಗುತ್ತಿತ್ತು.

"ಹೌದು. ಮಾರ್ಲಿಸ್‌ದು," ಎಂದೆ.

ಡಾರ್ಲೀನ್‌ಳ ಕಾರನ್ನು ಅಂದು ಅವಳ ಗಂಡ ಒಯ್ದಿದ್ದ. ಕಿವಿನೋವಿನ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹಿಂದೆ ಮಲಗಿಸಿ, ಡಾರ್ಲೀನ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಶಾಲೆಗೆ ಕಾರು ಓಡಿಸಿದೆ. ದಾರಿಯುದ್ದಕ್ಕೂ ಅವಳು ಮಾರ್ಲಿಸ್‌ಗೆ ಬಯ್ಯುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಬೇಲಿಯ ಬಳಿ ಐದು ಮಕ್ಕಳಿದ್ದರು. ಆರು ಇರಬೇಕಿತ್ತು. ಡಾರ್ಲೀನ್‌ಳ ಕೊನೆಯ ಮಗಳು, ಜೋಡಿ ಎಂಬ ಆರು ವರ್ಷದವಳು, ಇರಲಿಲ್ಲ.

"ನಾನು ಕೈ ಹಿಡ್ಕೊಂಡೇ ಇದ್ದೆ," ಎಂದು ಕರ್ಸ್ಟನ್ ಬಿಕ್ಕುತ್ತಿದ್ದಳು. "ಕಚ್ಚಿ ಬಿಡಿಸ್ಕೊಂಡು ಓಡಿದ್ಲು. ನಾನೇ ನಡ್ಕೊಂಡು ಹೋಗ್ತೀನಿ ಅಂತ."

ಶಾಲೆಯಿಂದ ನಮ್ಮ ಬೀದಿಗೆ ಆರು ಸಾಲಿನ ಹೆದ್ದಾರಿ ದಾಟಬೇಕು. ಶಾಲೆಯವರು ಪೊಲೀಸರಿಗೆ ಫೋನ್ ಮಾಡಿದರು. ಒಂದು ಕಾರು ಬಂತು, ಒಬ್ಬ ಪೊಲೀಸು ಜೋಡಿಯ ಫ್ರಾಕಿನ ಬಣ್ಣ ಬರೆದುಕೊಂಡ. ಡಾರ್ಲೀನ್ ಬಾಯಿಂದ ಬಣ್ಣವೇ ಹೊರಡಲಿಲ್ಲ, ಕರ್ಸ್ಟನ್ ಹೇಳಿದಳು.

ನಾಲ್ಕಕ್ಕೆ ಹದಿನೈದು ನಿಮಿಷವಿರುವಾಗ ಮಾರ್ಲಿಸ್ ಬಂದಳು. ಅವಳು ತರಗತಿ ಮುಗಿಸಿ, ಕರ್ಸ್ಟನ್‌ಳನ್ನು ಕರೆದುಕೊಳ್ಳಲು ನನ್ನ ಮನೆಗೆ ಹೋಗಿ, ಯಾರೂ ಇಲ್ಲದ್ದನ್ನು ನೋಡಿ ಇಲ್ಲಿಗೆ ಬಂದಿದ್ದಳು. ನನ್ನ ಕಾರು ಕಂಡದ್ದೇ ನಗುತ್ತಾ ಇಳಿದಳು. ಮೈಗೆ ಅಂಟಿದ ನೇರಳೆ ಉಡುಪು, ಗುಲಾಬಿ ಉಣ್ಣೆಯ ಕಾಲುಪಟ್ಟಿ, ಹಣೆಗೊಂದು ಪಟ್ಟಿ. ತರಗತಿ ಗೆದ್ದುಬಂದ ಮುಖ ಅದು. ಶಿಕ್ಷಕಿಯರು, ಪೊಲೀಸು, ಮಕ್ಕಳು, ರಸ್ತೆಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಮುದುಕ, ಎಲ್ಲರೂ ಅವಳ ಕಾಲುಗಳನ್ನೇ ನೋಡಿದರು.

"ಬಂದ್ಲು ನೋಡಿ ಮಹಾರಾಣಿ!" ಎಂದು ಡಾರ್ಲೀನ್ ಕಿರುಚಿದಳು. "ಈ ವೇಷ ಕಟ್ಕೊಂಡು ಕುಣೀತಿದ್ಯಾ ನೀನು? ನನ್ನ ಮಗು ಎಲ್ಲೇ? ನನ್ನ ಮಗು ಎಲ್ಲಿ?"

ಮಾರ್ಲಿಸ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ನನ್ನ ಕಡೆ ನೋಡಿದಳು. ಕೋಪದಿಂದಲ್ಲ. ನಾನು ಏನೋ ಹೇಳುತ್ತೇನೆ, ಅದರಿಂದ ಎಲ್ಲ ತಿಳಿಯುತ್ತದೆ ಎಂದು ಕಾಯುವ ನೋಟ.

"ಪೆಗ್ಗಿಗೆ ಕಿವಿನೋವು," ಎಂದೆ. ಅದು ಉತ್ತರವಲ್ಲ, ಯಾರೂ ಅದನ್ನು ಕೇಳಿರಲೂ ಇಲ್ಲ.

ಅವಳು ಕಾರಿನಿಂದ ಗಿಲ್‌ನ ಹಳೆಯ ಕೋಟೊಂದನ್ನು ತೆಗೆದು ಆ ಬಿಸಿಲಲ್ಲಿ ಹೊದ್ದುಕೊಂಡಳು.

ಜೋಡಿ ನಾಲ್ಕೂ ಇಪ್ಪತ್ತಕ್ಕೆ ಸಿಕ್ಕಳು. ಹೆದ್ದಾರಿಯ ಈಚೆಯೇ ಒಂದು ಡೋನಟ್ ಅಂಗಡಿಯಲ್ಲಿ. ಅಂಗಡಿ ನಡೆಸುತ್ತಿದ್ದ ಕಂಬೋಡಿಯಾದ ಹೆಂಗಸು, ಒಂಟಿಯಾಗಿ ಬಂದ ಮಗುವನ್ನು ಹಿಟ್ಟಿನ ಮೂಟೆಯ ಮೇಲೆ ಕೂರಿಸಿ, ಬಾಗಿಲ ಕಡೆ ಕಣ್ಣಿಟ್ಟು, ಒಂದಾದ ಮೇಲೊಂದು ತಿನ್ನಿಸುತ್ತಿದ್ದಳಂತೆ. ಜೋಡಿ ಐದನೆಯದನ್ನು ತಿನ್ನುತ್ತಿದ್ದಳು. ಮನೆಗೆ ಬರುವುದಿಲ್ಲ ಎಂದು ರಚ್ಚೆ ಹಿಡಿದಳು. ಡಾರ್ಲೀನ್ ಅವಳನ್ನು ತಬ್ಬಿಕೊಂಡು, ಹೊಡೆದು, ಮತ್ತೆ ತಬ್ಬಿಕೊಂಡಳು. ನಾನು ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿದೆ.

ಗಿಲ್ ಕೂಗಾಡಲಿಲ್ಲವಂತೆ. ಊಟಕ್ಕೆ ಕೂತಾಗ, "ಮುಗೀತಲ್ಲ," ಎಂದನಂತೆ ಅಷ್ಟೆ. ಮಾರ್ಲಿಸ್ "ಹೂಂ" ಎಂದಳಂತೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ನನ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದೇವರು ನನ್ನನ್ನು ಕ್ಷಮಿಸಲಿ, ಅವಳನ್ನು ಕಂಡು ನನಗೆ ಸಂತೋಷವಾಯಿತು. ಕಾಫಿ ಬಗ್ಗಿಸಿದೆ. ಅವಳು ಕುಡಿಯಲಿಲ್ಲ.

"ವಾಂಡಾ, ಒಂದು ಮಾತು. ಮಂಗಳವಾರ ನಾನು ನಿನ್ನ ಕೇಳ್ದೆ ಅಲ್ವಾ? ಪಾಳಿ ತಗೊಳ್ತೀಯಾ ಅಂತ?"

ಅವಳು ರೇಗಿಕೊಂಡು ಬಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಅವಳ ಕಣ್ಣಲ್ಲಿದ್ದದ್ದು ಸಂಶಯ, ಅದೂ ನನ್ನ ಮೇಲಲ್ಲ.

"ಇಲ್ವಲ್ಲೇ," ಎಂದೆ. "ಕೇಳ್ಬೇಕು ಅಂದ್ಕೊಂಡಿರ್ತೀಯ. ಆ ವಾರ ನಿನ್ನ ತಲೇಲಿ ಆ ಒಂದು-ಎರಡು-ಮೂರು ಬಿಟ್ಟು ಬೇರೆ ಏನಿತ್ತು ಹೇಳು?"

"ನೀನು ಬಟ್ಟೆ ಮಡಿಸ್ತಿದ್ದೆ..."

"ನಾನು ದಿನಾ ಬಟ್ಟೆ ಮಡಿಸ್ತೀನಿ ಮಾರ್ಲಿಸ್."

ಅವಳು ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ತಲೆಯಾಡಿಸಿದಳು. "ಹಾಗೇ ಇರ್ಬೇಕು. ಮನಸ್ಸಲ್ಲೇ ಕೇಳಿ, ಮನಸ್ಸಲ್ಲೇ ನೀನು ಹೂಂ ಅಂದ ಹಾಗೆ ಮಾಡ್ಕೊಂಡ್ಬಿಟ್ಟೆ. ಆ ಮಗೂಗೆ ಏನಾದ್ರೂ ಆಗಿದ್ರೆ?"

ಮೊದಲ ಸುಳ್ಳು ಹೊಟ್ಟೆಕಿಚ್ಚಿನದ್ದು. ಇದು ಹೇಡಿತನದ್ದು. ಎರಡನೆಯದೇ ಹೆಚ್ಚು ಹಾಳು ಮಾಡಿತು.

ಅವಳು ತನ್ನ ತಲೆಯನ್ನೇ ನಂಬದಾದಳು. ಒಲೆ ಆರಿಸಿ ಬಂದು, ಆರಿಸಿದೆನೋ ಇಲ್ಲವೋ ಎಂದು ರಸ್ತೆಯ ಮಧ್ಯದಿಂದ ತಿರುಗಿ ಹೋಗುತ್ತಿದ್ದಳು. ಕಾಗದದ ಚೂರುಗಳಲ್ಲಿ ಎಲ್ಲವನ್ನೂ ಬರೆಯತೊಡಗಿದಳು: "ಒಲೆ ಆರಿಸಿದೆ, ಒಂಬತ್ತು ಹತ್ತು", "ಗಿಲ್‌ಗೆ ಊಟದ ಡಬ್ಬಿ ಕೊಟ್ಟೆ", "ಕರ್ಸ್ಟನ್ ಮಾತಾಡಿದಳು, ಉತ್ತರ ಕೊಟ್ಟೆ". ಒಂದು ಸಂಜೆ ಕರ್ಸ್ಟನ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಮಾತಾಡಿಸಿದೆ. "ಅಮ್ಮ ನನ್ನ ದಿನಾ ಕೇಳ್ತಾಳೆ ವಾಂಡಾ ಆಂಟಿ, ನಾನು ಇವತ್ತು ನಿನಗೆ ತಿಂಡಿ ಕೊಟ್ನಾ ಅಂತ," ಎಂದಳು. ಗಿಲ್ ಅವಳನ್ನು ವೈದ್ಯರ ಬಳಿ ಕರೆದೊಯ್ದ. ನರಗಳು ಬಳಲಿವೆ ಎಂದು ಹಳದಿ ಮಾತ್ರೆ ಕೊಟ್ಟರು. ಅದನ್ನು ತೆಗೆದುಕೊಂಡು ಅವಳು ಮಾತಿನ ನಡುವೆ ನಿದ್ದೆಗಣ್ಣಾಗುತ್ತಿದ್ದಳು. ಕಾಫಿಗೆ ಮಾತ್ರ ತಪ್ಪದೆ ಬರುತ್ತಿದ್ದಳು. ಬಂದು ಕೂರುತ್ತಿದ್ದಳು. ನನಗೆ ಬೇಕಾಗಿದ್ದದ್ದು ನನಗೆ ಸಿಕ್ಕಿತ್ತು, ನೋಡಿ.

ಗಿಲ್ ಒಂದು ದಿನ ಕಾರ್ಖಾನೆಯಿಂದ ಬಂದವನು ನೇರವಾಗಿ ನಮ್ಮ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ.

"ನಾನಿಲ್ದಾಗ ಅವಳ ಮೇಲೊಂದು ಕಣ್ಣಿಡು ವಾಂಡಾ. ನಂಗೆ ಏನು ಮಾಡ್ಬೇಕೋ ತಿಳೀತಿಲ್ಲ. ನೀನಿದ್ದೀಯಲ್ಲ, ಅದೊಂದೇ ಸಮಾಧಾನ."

ಅವನ ಕಣ್ಣು ಕೆಂಪಾಗಿತ್ತು. ನಾನು "ಆಗ್ಲಿ," ಎಂದೆ.

ಅಕ್ಟೋಬರಿನಲ್ಲಿ ಮಾರ್ಲಿಸ್ ತನ್ನ ಕಾರಿನ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟಳು. "ಗುರುವಾರ ಇನ್ಮೇಲೆ ನೀನೇ ಮಾಡ್ಬಿಡು. ಡಾರ್ಲೀನ್‌ಗೂ ಹೇಳಿದ್ದೀನಿ. ಮಕ್ಕಳನ್ನ ನನ್ನ ಕೈಗೆ ಕೊಡ್ಬೇಡಿ."

"ಹುಚ್ಚು ಮಾತಾಡ್ಬೇಡ."

"ಅದೇ ಭಯ ನಂಗೆ," ಎಂದಳು. "ನಮ್ಮಜ್ಜೀಗೂ ಹೀಗೇ ಶುರುವಾಗಿದ್ದು. ಆಗದೇ ಇದ್ದದ್ದನ್ನ ಆಯ್ತು ಅಂತಿದ್ಲು. ಕೊನೆಗೆ ಆಸ್ಪತ್ರೆಗೆ ಸೇರಿಸಿದ್ರು, ಆಚೆ ಬರ್ಲೇ ಇಲ್ಲ."

ಆ ವಾರವೇ ಕ್ಯಾಂಡಿಸ್ ನನ್ನ ಮನೆ ಹುಡುಕಿಕೊಂಡು ಬಂದಳು. ಮಾರ್ಲಿಸ್ ಅವಳ ಫೋನಿಗೆ ಉತ್ತರಿಸುತ್ತಿರಲಿಲ್ಲ. ಬಬಲ್‌ಗಮ್ ಅಗಿಯುತ್ತಾ ಬಾಗಿಲಲ್ಲೇ ನಿಂತು ಹೇಳಿದಳು, "ನೀವು ಅವ್ರ ಗೆಳತಿ ಅಲ್ವಾ? ಸ್ವಲ್ಪ ಹೇಳ್ರೀ. ಅವತ್ತು ಅವ್ರು ನಡೆಸಿದ ಹಾಗೆ ನಾನೂ ನಡೆಸಲ್ಲ. ಹಿಂದಿನ ಸಾಲಲ್ಲಿ ಅವಿತುಕೊಂಡು ನಿಲ್ತಾರಲ್ಲ, ದಪ್ಪಗಿರೋರು, ನಾಚ್ಕೊಳ್ಳೋರು, ಅವ್ರನ್ನೆಲ್ಲ ಮುಂದೆ ಕರ್ಕೊಂಡು ಬಂದು ಕುಣಿಸಿದ್ರು. ಕೊನೇಲಿ ಒಬ್ರು ಅಳ್ತಿದ್ರು, ಖುಷಿಗೆ. ಮುಂದಿನ ಸೋಮವಾರದವರೆಗೆ ಜಾಗ ಇಟ್ಟಿರ್ತೀನಿ. ಆಮೇಲೆ ಬೇರೆಯವ್ರನ್ನ ತಗೋಬೇಕಾಗುತ್ತೆ."

ಹಿಂದಿನ ಸಾಲಿನಲ್ಲಿ ಅವಿತುಕೊಂಡು ನಿಲ್ಲುವವರು. ಅವಳು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ.

ಶುಕ್ರವಾರ ಐದೂವರೆಗೆ ಸರಿಯಾಗಿ ರಸ್ತೆ ದಾಟಿದೆ. ಬೇಕೆಂದೇ ಆ ಹೊತ್ತಿಗೆ ಹೋದೆ. ಮಾರ್ಲಿಸ್ ಒಬ್ಬಳಿಗೇ ಹೇಳಿದರೆ ನನ್ನನ್ನು ಕಾಪಾಡಲು ಅವಳು ಅದನ್ನು ಅಲ್ಲೇ ಹೂಳಿಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು, ಗಿಲ್ ಕೇಳಲೇಬೇಕು. ಇನ್ನು ಅವಳು, ಯಾಕೆ ಹಾಗೆ ಮಾಡಿದೆ ವಾಂಡಾ ಎಂದು ಕೇಳುತ್ತಾಳೆ. ಅದಕ್ಕೆ ಮಾತುಗಳನ್ನು ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಕಾಫಿಯ ವಿಷಯ, ಕನ್ನಡಿಯ ವಿಷಯ, ಅವಳಿಲ್ಲದೆ ನನಗೆ ಈ ಬೀದಿಯಲ್ಲಿ ಯಾರೂ ಇಲ್ಲ ಎನ್ನುವ ವಿಷಯ. ಎಲ್ಲವನ್ನೂ ಹೇಳಿ ಅವಳ ಕಾಲ ಬಳಿ ಕೂತು ಅಳುವುದೆಂದು ತೀರ್ಮಾನಿಸಿದ್ದೆ.

ಅವರು ಊಟಕ್ಕೆ ಕೂತಿದ್ದರು. ಕೊಚ್ಚಿದ ಮಾಂಸ ಬೇಯಿಸಿದ ಮೀಟ್‌ಲೋಫ್, ಬೇಯಿಸಿದ ಬಟಾಣಿ. ಕರ್ಸ್ಟನ್ ಗೆಳತಿಯ ಮನೆಗೆ ಹೋಗಿದ್ದಳು. ಗಿಲ್ ಎದ್ದು ನನಗೊಂದು ಕುರ್ಚಿ ಎಳೆದ.

"ಕೂರಲ್ಲ," ಎಂದೆ. "ಮಾರ್ಲಿಸ್, ಅವತ್ತು ನೀನು ನನ್ನ ಕೇಳ್ದೆ. ಮಂಗಳವಾರ, ನಮ್ಮ ಗ್ಯಾರೇಜಲ್ಲಿ. ನಾನು ಹೂಂ ಅಂದೆ. ಡಾರ್ಲೀನ್‌ಗೆ ಫೋನ್ ಮಾಡ್ಲಿಲ್ಲ. ಮರ್ತಿದ್ದಲ್ಲ, ಬೇಕೂಂತ್ಲೇ ಮಾಡ್ಲಿಲ್ಲ. ಆಮೇಲೆ ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಗಿಲ್‌ನ ಮುಳ್ಳುಚಮಚ ತಟ್ಟೆಗೆ ಬಡಿಯಿತು. ಮಾರ್ಲಿಸ್ ಮಾತ್ರೆಯ ಮಂಪರಿನಿಂದ ತಲೆ ಎತ್ತಿ, ದೂರದಿಂದ ಬರುವ ಮಾತನ್ನು ಕೇಳಿಸಿಕೊಳ್ಳುವವಳಂತೆ ನನ್ನನ್ನು ನೋಡಿದಳು.

"ಇನ್ನೊಂದ್ಸಲ ಹೇಳು," ಎಂದಳು.

ಹೇಳಿದೆ.

"ನಾನು ಏನಂದೆ ಅವತ್ತು? ನಾನು ಆಡಿದ ಮಾತೇ ಹೇಳು."

"ಕ್ಯಾಂಡಿಸ್ ನನ್ನ ಕೇಳ್ತಿದ್ದಾಳೆ ಅಂದೆ. ವಾರಕ್ಕೆ ಮೂರು ತರಗತಿ ಅಂದೆ. ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಹೋಗುವಾಗ ಮುತ್ತು ಕೊಟ್ಟೆ."

"ಯಾವ ಕೆನ್ನೆಗೆ?"

"ಇದಕ್ಕೆ," ಎಂದು ಬಲಗೆನ್ನೆ ಮುಟ್ಟಿ ತೋರಿಸಿದೆ.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜಗಳು ಅಲುಗಿದವು. ಅಳುತ್ತಿದ್ದಾಳೆ ಎಂದು ನಾನೂ ಗಿಲ್ಲೂ ಒಟ್ಟಿಗೆ ಮುಂದೆ ಹೋದೆವು. ಅಳುತ್ತಿರಲಿಲ್ಲ, ನಗುತ್ತಿದ್ದಳು. "ಕೇಳಿದ್ದೆ," ಎನ್ನುತ್ತಿದ್ದಳು, "ನಾನು ಕೇಳಿದ್ದೆ! ಗಿಲ್, ನಾನು ಕೇಳಿದ್ದೆ ಕಣೋ! ನಂಗೇನೂ ಆಗಿಲ್ಲ!" ಎದ್ದು ಬಂದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಏಳು ತಿಂಗಳು ಕುಣಿದ ತೋಳಿನ ಬಲ ಇನ್ನೂ ಹೋಗಿರಲಿಲ್ಲ.

"ಥ್ಯಾಂಕ್ಸ್ ವಾಂಡಾ," ಎಂದಳು. ಮನಸಾರೆ ಹೇಳಿದಳು. ಅದರಲ್ಲಿ ಒಂದು ಚೂರೂ ವ್ಯಂಗ್ಯವಿರಲಿಲ್ಲ.

ಗಿಲ್ ಕೆಂಪಾಗಿ ನಿಂತಿದ್ದ. ನನ್ನ ಮುಖ ನೋಡಲಾರದೆ ಅವಳ ಕಡೆ ತಿರುಗಿದ. "ಹಾಗಾದ್ರೆ ತಪ್ಪು ನಿಂದಲ್ಲ. ನೀನು ಮತ್ತೆ ಹೋಗ್ಬಹುದು ಮಾರ್ಲಿಸ್. ನಂದೇನೂ ಅಡ್ಡಿ ಇಲ್ಲ."

"ನಾನು ಕೇಳ್ಲಿಲ್ವಲ್ಲ ಗಿಲ್," ಎಂದಳು ಅವಳು, ಬಲು ಮೃದುವಾಗಿ. "ಸೋಮವಾರ ಹೋಗ್ತೀನಿ. ಊಟ ಓವನ್ನಲ್ಲಿರುತ್ತೆ, ನೀನೇ ತೆಗೆದುಕೋ. ಕೈ ಸುಟ್ಕೋಬೇಡ."

ಆಮೇಲೆ ಕುರ್ಚಿಗೆ ಹೋಗಿ ಕೂತು, "ಅಬ್ಬಾ, ಎಷ್ಟು ಹಸಿವು," ಎಂದು ಮೀಟ್‌ಲೋಫಿನ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿಕೊಂಡಳು. ವಾರಗಳಿಂದ ತಿಂದಿರದವಳ ಹಾಗೆ ತಿಂದಳು. ನಾನು ಅಲ್ಲೇ ನಿಂತಿದ್ದೆ. ಅವಳು ತಲೆ ಎತ್ತಿದಾಗಲೆಲ್ಲ, ಈಗ ಕೇಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಉಪ್ಪು ಬೇಕೆಂದು ಗಿಲ್‌ನನ್ನು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಹೊರಗೆ ಬಂದು ಬಾಗಿಲು ಮೆಲ್ಲಗೆ ಎಳೆದುಕೊಂಡೆ.

ವಾರಕ್ಕೆ ಮೂರು ತರಗತಿ ಅವಳದ್ದಾಯಿತು. ಮುಂದಿನ ವರ್ಷ ಐದಾಯಿತು. ಮಾತ್ರೆಗಳನ್ನು ಸಿಂಕಿಗೆ ಸುರಿದಳೆಂದು ಕರ್ಸ್ಟನ್ ಹೇಳಿದಳು. ನನ್ನನ್ನು ಕಂಡಾಗಲೆಲ್ಲ ಮಾರ್ಲಿಸ್ ಕಾರಿನಿಂದ ಕೈ ಬೀಸುತ್ತಾಳೆ, ಹಬ್ಬಕ್ಕೆ ಕುಕ್ಕಿ ಕಳಿಸುತ್ತಾಳೆ, ನನ್ನ ಬಗ್ಗೆ ಡಾರ್ಲೀನ್‌ಗೆ ಒಂದು ಮಾತೂ ಹೇಳಿಲ್ಲ. ನಾನು ಜೋಡಿಸಿಟ್ಟ ಮಾತುಗಳೆಲ್ಲ ಇನ್ನೂ ಹಾಗೇ ಇವೆ. ಯಾಕೆ ಹಾಗೆ ಮಾಡಿದೆ ಎಂದು ಅವಳು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.